ಮಾಂಟೆರೇ ಕೊಲ್ಲಿಯಲ್ಲಿ ತಿಮಿಂಗಿಲ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದರೆ ತೋರಿಸುವ ಜಾಗಗಳು ಹೆಚ್ಚು ಕಡಿಮೆ ಎಲ್ಲರಿಗೂ ಒಂದೇ: ಗೋಲ್ಡನ್ ಗೇಟ್ ಸೇತುವೆ, ಯೊಸೆಮಿಟಿ, ಲೇಕ್ ತಾಹೋ, ಲಿವರ್‌ಮೋರ್ ದೇವಸ್ಥಾನ. ಅವೆಲ್ಲ ಮುಗಿದ ಮೇಲೆ ಯಾರಾದರೊಬ್ಬರು "ತಿಮಿಂಗಿಲ ತೋರಿಸ್ತಾರಂತಲ್ಲ, ಹೋಗೋಣ್ವಾ?" ಅನ್ನುತ್ತಾರೆ. ಅಲ್ಲಿಂದ ಫೋನು, ವಾಟ್ಸಾಪು ಶುರು. ನನಗೆ ಬರುವ ಪ್ರಶ್ನೆಗಳನ್ನು, ನಾನು ಕೊಡುವ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಬೇರೆ ಊರಿನ ಸಮುದ್ರಕ್ಕೆ ಹೋಗುವವರಿಗೂ ವಾಂತಿ, ಬಟ್ಟೆ, ಊಟದ ಭಾಗ ಹಾಗೇ ಅನ್ವಯಿಸುತ್ತದೆ.

ಯಾವ ತಿಂಗಳು ಹೋದರೆ ಒಳ್ಳೆಯದು?

ಈ ಪ್ರಶ್ನೆಗೆ ಮೊದಲು ನೀವೊಂದು ಉತ್ತರ ಕೊಡಬೇಕು: ಯಾವ ತಿಮಿಂಗಿಲ ನೋಡಬೇಕು? ಬೇ ಏರಿಯಾದ ದಕ್ಷಿಣಕ್ಕೆ, ಪೆಸಿಫಿಕ್ ದಡದಲ್ಲಿರುವ ಮಾಂಟೆರೇಯಲ್ಲಿ ವರ್ಷವಿಡೀ ದೋಣಿಗಳು ಹೊರಡುತ್ತವೆ, ಆದರೆ ಜನವರಿಯಲ್ಲಿ ಕಾಣುವುದೇ ಬೇರೆ, ಆಗಸ್ಟಿನಲ್ಲಿ ಕಾಣುವುದೇ ಬೇರೆ.

ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಬೂದು ತಿಮಿಂಗಿಲಗಳ ಕಾಲ. ಅಲಾಸ್ಕಾದ ಆಚೆ ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳಲ್ಲಿ ಬೇಸಿಗೆಯಿಡೀ ತಿಂದು, ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಬೆಚ್ಚಗಿನ ಹಿನ್ನೀರುಗಳಿಗೆ ಮರಿ ಹಾಕಲು ಹೋಗುತ್ತವೆ. ಹೋಗಿ ಬರುವುದು ಸೇರಿದರೆ 16,000 ಕಿಲೋಮೀಟರಿಗೂ ಹೆಚ್ಚು. ಜನವರಿಯಲ್ಲಿ ದಕ್ಷಿಣಕ್ಕೆ ಹೋಗುವ ಗುಂಪುಗಳು, ಮಾರ್ಚ್‌ನಲ್ಲಿ ಉತ್ತರಕ್ಕೆ ಮರಳುವ ಗುಂಪುಗಳು ಹೆಚ್ಚು. ಮರಿ ಕಟ್ಟಿಕೊಂಡ ತಾಯಂದಿರು ಎಲ್ಲರಿಗಿಂತ ಕೊನೆಗೆ, ಏಪ್ರಿಲ್ ಮೇ ಹೊತ್ತಿಗೆ, ದಡಕ್ಕೆ ಅಂಟಿಕೊಂಡು ಬರುತ್ತವೆ. ಇವು ದಾರಿಹೋಕರು. ನಿಂತು ಆಟವಾಡುವುದು ಕಡಿಮೆ. ಮೂರ್ನಾಲ್ಕು ಸಲ ಉಸಿರು ಬಿಟ್ಟು, ಬಾಲ ಎತ್ತಿ ಮುಳುಗಿ, ಐದು ನಿಮಿಷ ಕಳೆದು ಮುಂದೆಲ್ಲೋ ಏಳುತ್ತವೆ.

ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಪ್‌ಬ್ಯಾಕ್ ಎಂಬ ಜಾತಿಯ ತಿಮಿಂಗಿಲಗಳು. ಇವು ಇಲ್ಲಿಗೆ ಊಟಕ್ಕೇ ಬರುವುದರಿಂದ ಒಂದೇ ಜಾಗದಲ್ಲಿ ದಿನಗಟ್ಟಲೆ ಇರುತ್ತವೆ. ನೀರಿನಿಂದ ಪೂರ್ತಿ ಮೇಲಕ್ಕೆ ಹಾರುವುದು, ಬಾಲದಿಂದ ನೀರು ಬಡಿಯುವುದು, ಬಾಯಿ ತೆರೆದು ಆಂಚೊವಿ ಮೀನಿನ ಹಿಂಡನ್ನು ಒಟ್ಟಿಗೇ ಬಾಚುವುದು, ಎಲ್ಲ ಇವುಗಳದೇ. ನೀವು ಫೋಟೋಗಳಲ್ಲಿ ನೋಡಿ ಆಸೆಪಟ್ಟ ದೃಶ್ಯ ಬಹುಪಾಲು ಹಂಪ್‌ಬ್ಯಾಕ್‌ನದು.

ನೀಲಿ ತಿಮಿಂಗಿಲ ಬೇಕೆಂದರೆ ಜುಲೈನಿಂದ ಅಕ್ಟೋಬರ್. ಎಲ್ಲ ವರ್ಷವೂ ಒಂದೇ ಸಮ ಬರುವುದಿಲ್ಲ. ಕ್ರಿಲ್ ಎನ್ನುವ ಸೀಗಡಿಯಂಥ ಚಿಕ್ಕ ಜೀವಿಯೊಂದೇ ಅದರ ಆಹಾರ, ಅದೆಲ್ಲಿ ದಟ್ಟವಾಗಿದೆಯೋ ಅಲ್ಲಿಗೇ ಹೋಗುತ್ತದೆ. ಇಲ್ಲಿನ ನೀಲಿ ತಿಮಿಂಗಿಲ ಹೊಟ್ಟೆ ತುಂಬ ತಿನ್ನುವ ದಿನ ಸುಮಾರು 16 ಟನ್ ಕ್ರಿಲ್ ತಿನ್ನುತ್ತದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಅಷ್ಟು ಕ್ರಿಲ್ ಸಿಗದ ಕಡೆ ಅದು ಯಾಕೆ ನಿಲ್ಲುತ್ತದೆ?

ಅಪ್ಪ ಅಮ್ಮ ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್ ನಡುವೆ ಬರುತ್ತಾರೆ. ಹಾಗಿದ್ದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ಹಂಪ್‌ಬ್ಯಾಕ್ ಇರುತ್ತವೆ, ನೀಲಿ ಸಿಕ್ಕರೂ ಸಿಗಬಹುದು, ವಸಂತದ ಗಾಳಿ ಅಷ್ಟರಲ್ಲಿ ತಗ್ಗಿರುತ್ತದೆ.

ಇಷ್ಟೊಂದು ತಿಮಿಂಗಿಲ ಇದೇ ಕೊಲ್ಲಿಗೆ ಯಾಕೆ ಬರುತ್ತವೆ?

ಮಾಂಟೆರೇ ಕೊಲ್ಲಿಯ ನಡುಮಧ್ಯದಲ್ಲಿ, ಮಾಸ್ ಲ್ಯಾಂಡಿಂಗ್ ಎಂಬ ಪುಟ್ಟ ಮೀನುಗಾರರ ಊರಿನ ಬಾಗಿಲಲ್ಲೇ, ಸಮುದ್ರದೊಳಗೊಂದು ಕಮರಿ ಶುರುವಾಗುತ್ತದೆ. ಅದರ ಗೋಡೆಗಳು ಒಂದೂವರೆ ಕಿಲೋಮೀಟರಿಗೂ ಎತ್ತರ, ಗ್ರ್ಯಾಂಡ್ ಕ್ಯಾನಿಯನ್‌ಗೆ ಸರಿಸಾಟಿ; ದೂರ ಹೋದಂತೆ ತಳ 3,600 ಮೀಟರಿಗೂ ಕೆಳಗಿಳಿಯುತ್ತದೆ. ಬೇರೆಡೆ ಇಷ್ಟು ಆಳದ ನೀರು ಮುಟ್ಟಬೇಕಾದರೆ ದಡದಿಂದ ಬಹಳ ದೂರ ಹೋಗಬೇಕು. ಇಲ್ಲಿ ಅರ್ಧ ಗಂಟೆಯಲ್ಲಿ ಆಳದ ಮೇಲೆ ತೇಲುತ್ತಿರುತ್ತೀರಿ.

ಆಳವೊಂದೇ ಸಾಲದು. ವಸಂತ, ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿ, ಭೂಮಿಯ ತಿರುಗುವಿಕೆ, ಎರಡೂ ಸೇರಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ಆ ಖಾಲಿ ತುಂಬಲು ಕೆಳಗಿನಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಬಿಸಿಲು ತಾಗಿದ ಕೂಡಲೇ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು, ಅವನ್ನು ತಿನ್ನುವ ಕ್ರಿಲ್ ಹೆಚ್ಚಿ, ಆಂಚೊವಿ ಸಾರ್ಡೀನ್ ಮೀನುಗಳು ಬಂದು, ಕೊನೆಗೆ ತಿಮಿಂಗಿಲ. ನಿಮ್ಮನ್ನು ದೋಣಿಯಲ್ಲಿ ನಡುಗಿಸುವ ಗಾಳಿಯೇ ಅವುಗಳ ಅಡುಗೆಮನೆಯನ್ನೂ ನಡೆಸುತ್ತಿದೆ ಅಂತ ನೆನಪಿಟ್ಟುಕೊಂಡರೆ ಚಳಿಯ ಮೇಲಿನ ಕೋಪ ಸ್ವಲ್ಪ ಇಳಿಯುತ್ತದೆ. 1992ರಿಂದ ಈ ಪ್ರದೇಶ ರಾಷ್ಟ್ರೀಯ ಸಮುದ್ರ ಅಭಯಾರಣ್ಯ.

ದುಡ್ಡು ಕೊಟ್ಟ ಮೇಲೆ ತಿಮಿಂಗಿಲ ಗ್ಯಾರಂಟಿನಾ?

ಇಲ್ಲ. ಆದರೆ ಋತು ನೋಡಿ ಹೋದರೆ ಏನೂ ಕಾಣದೆ ಬರುವುದು ಇಲ್ಲಿ ಅಪರೂಪ. ಕೆಲವು ಕಂಪನಿಗಳು ತಿಮಿಂಗಿಲ ಕಾಣದಿದ್ದರೆ ಇನ್ನೊಂದು ಸಲ ಉಚಿತವಾಗಿ ಕರೆದೊಯ್ಯುತ್ತವೆ; ದುಡ್ಡು ವಾಪಸ್ ಕೊಡುವುದು ಬೇರೆ ಮಾತು. ಮುಂದಿನ ವಾರ ಬೆಂಗಳೂರಿಗೆ ವಿಮಾನ ಹತ್ತುವವರಿಗೆ ಆ ಉಚಿತ ಟಿಕೆಟ್‌ನಿಂದ ಏನೂ ಪ್ರಯೋಜನವಿಲ್ಲ. ಹಾಗಾಗಿ ಪ್ರವಾಸದ ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಹವಾಮಾನ ಕೆಟ್ಟು ಅವರೇ ರದ್ದು ಮಾಡಿದರೆ ಸಾಮಾನ್ಯವಾಗಿ ಹಣ ಹಿಂತಿರುಗಿಸುತ್ತಾರೆ ಅಥವಾ ದಿನ ಬದಲಿಸಿಕೊಡುತ್ತಾರೆ, ಷರತ್ತು ಓದಿಕೊಳ್ಳಿ.

ತಿಮಿಂಗಿಲ ಕಾಣದ ಹೊತ್ತಿನಲ್ಲೂ ಕಣ್ಣಿಗೆ ಕೆಲಸವಿದೆ. ನೂರಾರು ಡಾಲ್ಫಿನ್‌ಗಳು ದೋಣಿಯ ಮೂತಿಗೆ ಅಡ್ಡ ಬಂದು ಆಡುತ್ತವೆ. ನೀರಿನ ಮೇಲೆ ಮಲಗಿ ಬಿಸಿಲು ಕಾಯುವ ಮೋಲಾ ಮೋಲಾ ಎಂಬ ಅಗಲ ಮೀನು, ಕೆಲ್ಪ್ ಪಾಚಿ ಸುತ್ತಿಕೊಂಡು ಅಂಗಾತ ತೇಲುವ ಕಡಲ ನೀರುನಾಯಿ, ಬಂದರಿನ ಕಲ್ಲುಗಳ ಮೇಲೆ ಗಂಟಲು ಹರಿಯುವಂತೆ ಕೂಗುವ ಸೀ ಲಯನ್‌ಗಳು. ಆಳದ ಕಡೆ ಹೋದರೆ ಕಪ್ಪುಪಾದದ ಅಲ್ಬಟ್ರಾಸ್ ಹಕ್ಕಿಯೂ ಉಂಟು.

ಮಾಂಟೆರೇಯಿಂದ ಹೊರಡಬೇಕಾ, ಮಾಸ್ ಲ್ಯಾಂಡಿಂಗ್‌ನಿಂದಲಾ?

ಕುಟುಂಬದಲ್ಲಿ ಯಾರೋ ಒಬ್ಬರು ದೋಣಿ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದರೆ ಮಾಂಟೆರೇ. ಓಲ್ಡ್ ಫಿಶರ್‌ಮನ್ಸ್ ವಾರ್ಫ್‌ನಿಂದ ದೊಡ್ಡ ದೋಣಿಗಳು ಹೊರಡುತ್ತವೆ, ಅಂಗಡಿ ಬೀದಿಯಿದೆ, ಹತ್ತಿರದಲ್ಲೇ 1984ರಲ್ಲಿ ಶುರುವಾದ ಮಾಂಟೆರೇ ಬೇ ಅಕ್ವೇರಿಯಂ ಇದೆ. ದಡದಲ್ಲಿ ಉಳಿದವರಿಗೆ ಅರ್ಧ ದಿನ ಸಲೀಸಾಗಿ ಕಳೆಯುತ್ತದೆ. ವಾರಾಂತ್ಯದ ಪಾರ್ಕಿಂಗ್ ಮಾತ್ರ ತಲೆನೋವು.

ಬರುವುದು ತಿಮಿಂಗಿಲಕ್ಕಾಗಿ ಮಾತ್ರ ಎನ್ನುವವರು ಮಾಸ್ ಲ್ಯಾಂಡಿಂಗ್‌ಗೆ ಹೋಗಲಿ. ಊರೆಂದರೆ ಒಂದು ಬಂದರು, ವಿದ್ಯುತ್ ಸ್ಥಾವರದ ಎರಡು ಎತ್ತರದ ಚಿಮಣಿ, ನಾಲ್ಕು ಹೋಟೆಲು. ಕಮರಿಯ ತುದಿ ಅಲ್ಲೇ ಇರುವುದರಿಂದ ಪ್ರಯಾಣದಲ್ಲಿ ವ್ಯರ್ಥವಾಗುವ ಸಮಯ ಕಡಿಮೆ. ಬಂದರು ಬಿಡುವಾಗಲೇ ನೀರುನಾಯಿಗಳು ಕಾಣುತ್ತವೆ. ನನ್ನ ಒಲವು ಇದರ ಕಡೆಗೇ.

ಸ್ಯಾನ್ ಹೋಸೆ ಕಡೆಯಿಂದ ಬರುವವರು 101ನೇ ಹೆದ್ದಾರಿ ಹಿಡಿದು, ಬೆಳ್ಳುಳ್ಳಿ ವಾಸನೆಯ ಗಿಲ್ರಾಯ್ ದಾಟಿ, 156ರಲ್ಲಿ ಪಶ್ಚಿಮಕ್ಕೆ ತಿರುಗಿ. ಒಂದೂಕಾಲು, ಒಂದೂವರೆ ಗಂಟೆ. ಸಾಂಟಾ ಕ್ರೂಜ್ ಮೇಲಿನ 17ನೇ ಹೆದ್ದಾರಿ ಚೆನ್ನಾಗಿದೆ, ಆದರೆ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಬಂದವರನ್ನು ಮತ್ತೆ ದೋಣಿ ಹತ್ತಿಸುವುದು ಅನ್ಯಾಯ.

ಎಷ್ಟು ಹೊತ್ತು, ಎಷ್ಟು ದುಡ್ಡು?

ಚಳಿಗಾಲದ ಬೂದು ತಿಮಿಂಗಿಲದ ಪ್ರಯಾಣ ಎರಡೂವರೆಯಿಂದ ಮೂರು ಗಂಟೆ, ಬೇಸಿಗೆಯದು ಮೂರರಿಂದ ಐದು. ದರ ಕಂಪನಿ, ದೋಣಿ, ಅವಧಿಯ ಮೇಲೆ ಬದಲಾಗುತ್ತದೆ. ಇಡೀ ದಿನದ ಪ್ರಯಾಣಗಳೂ ಇವೆ, ಮೊದಲ ಸಲಕ್ಕೆ ಬೇಡ. ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಿರಿ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏರಿ ಅಲೆ ಎದ್ದಿರುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಅಲ್ಲಿರಬೇಕು, ದೋಣಿ ಯಾರಿಗೂ ಕಾಯುವುದಿಲ್ಲ.

ವಾಂತಿ ಆಗುತ್ತಾ?

ಆಗುಂಬೆ ಘಾಟಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ನಿಂಬೆಹಣ್ಣು ಹಿಡಿದು ಕೂರುತ್ತಿದ್ದವರಿಗೆ ಆಗುತ್ತದೆ ಎಂದೇ ಇಟ್ಟುಕೊಳ್ಳಿ. ಉಳಿದವರಿಗೂ ಆಗಬಹುದು. ಇದು ಪೆಸಿಫಿಕ್, ದೂರದಿಂದ ಉರುಳಿ ಬರುವ ಉದ್ದನೆಯ ಅಲೆಗಳಿರುತ್ತವೆ. ಅದರಲ್ಲೂ ತಿಮಿಂಗಿಲ ನೋಡಲು ದೋಣಿ ನಿಲ್ಲಿಸುತ್ತಾರಲ್ಲ, ಕಷ್ಟ ಶುರುವಾಗುವುದೇ ಆಗ. ಓಡುವ ದೋಣಿಗಿಂತ ನಿಂತ ದೋಣಿ ಹೆಚ್ಚು ಹೊಯ್ದಾಡುತ್ತದೆ.

ಮಾತ್ರೆಯ ಗುಟ್ಟು ಸಮಯದಲ್ಲಿದೆ. ತಲೆ ತಿರುಗಲು ಶುರುವಾದ ಮೇಲೆ ನುಂಗಿದ ಮಾತ್ರೆ ಹೊರಗೇ ಬರುತ್ತದೆ. ಇಲ್ಲಿನ ಔಷಧಿ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವ ಮೆಕ್ಲಿಜಿನ್ ಅಥವಾ ಡೈಮೆನ್‌ಹೈಡ್ರಿನೇಟ್ ಮಾತ್ರೆಯನ್ನು ಹೊರಡುವುದಕ್ಕೆ ಒಂದು ಗಂಟೆಯಾದರೂ ಮೊದಲು ತೆಗೆದುಕೊಳ್ಳಬೇಕು. ಊರಿನಿಂದ ತಂದ ಆವೊಮಿನ್ ಕೂಡ ಆದೀತು, ನಿದ್ದೆ ಜೋರು ಬರುತ್ತದೆ; ಅದನ್ನು ನುಂಗಿದವರು ಕಾರು ಓಡಿಸಬಾರದು. ಕಿವಿಯ ಹಿಂದೆ ಅಂಟಿಸುವ ಸ್ಕೊಪಾಲಮಿನ್ ಪಟ್ಟಿಗೆ ವೈದ್ಯರ ಚೀಟಿ ಬೇಕು. ಹಿರಿಯರ ವಿಷಯದಲ್ಲಿ ಎಚ್ಚರ: ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರದ ತೊಂದರೆ ಇರುವವರು ಇಂಥ ಔಷಧಿಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೇಬಾರದು. ಹಸಿಶುಂಠಿ ಸಕ್ಕರೆ ಸಾಮಾನ್ಯವಾಗಿ ಕೆಡುಕು ಮಾಡುವುದಿಲ್ಲ, ಜೇಬಿನಲ್ಲಿರಲಿ.

ದೋಣಿಯ ಮಧ್ಯಭಾಗದಲ್ಲೋ ಹಿಂಭಾಗದಲ್ಲೋ ನಿಲ್ಲಿ. ಮೂತಿಯ ಕಡೆ ನೋಟ ಚಂದ, ಏರಿಳಿತ ವಿಪರೀತ. ಕಣ್ಣು ದಿಗಂತದ ಮೇಲಿರಲಿ. ಚಳಿ ಎಂದು ಒಳಗಿನ ಕೋಣೆಗೆ ಹೋಗಿ ಫೋನು ನೋಡುತ್ತ ಕೂತವರು ಹತ್ತು ನಿಮಿಷದಲ್ಲಿ ಹೊರಗೋಡಿ ಬರುವುದನ್ನು ಪ್ರತಿ ದೋಣಿಯಲ್ಲೂ ಕಾಣಬಹುದು. ವಾಂತಿ ಬಂದೇ ಬಂದರೆ ಗಾಳಿ ಯಾವ ಕಡೆಗೆ ಹೋಗುತ್ತಿದೆಯೋ ಆ ಕಡೆಯ ಕಟಾಂಜನಕ್ಕೆ ಹೋಗಿ. ಶೌಚಾಲಯಕ್ಕೆ ಹೋಗಬೇಡಿ, ಅಲ್ಲಿ ಇನ್ನೂ ಹೆಚ್ಚುತ್ತದೆ. ನಾಚಿಕೆ ಬೇಡ, ದೋಣಿಯವರು ದಿನಾ ನೋಡುತ್ತಾರೆ.

ಅಮ್ಮನಿಗೆ ಮಂಡಿ ನೋವು, ಕರೆದುಕೊಂಡು ಹೋಗಬಹುದಾ?

ದೊಡ್ಡ ದೋಣಿಯಾದರೆ ಹೋಗಬಹುದು. ಕಷ್ಟವಿರುವುದು ಹತ್ತುವಾಗ. ನೀರಿನ ಮಟ್ಟ ಭರತ ಇಳಿತಕ್ಕೆ ತಕ್ಕಂತೆ ಏರಿ ಇಳಿಯುತ್ತದೆ, ಇಳಿತದ ಹೊತ್ತಿನಲ್ಲಿ ತೇಲುಕಟ್ಟೆಗೆ ಇಳಿಯುವ ಹಲಗೆ ಚೆನ್ನಾಗಿ ಇಳಿಜಾರಾಗಿರುತ್ತದೆ. ಟಿಕೆಟ್ ಕಾಯ್ದಿರಿಸುವ ಮೊದಲು ಫೋನ್ ಮಾಡಿ, ಕೂರಲು ಬೆಂಚು ಇದೆಯಾ, ಶೌಚಾಲಯ ಒಂದೇ ಮಟ್ಟದಲ್ಲಿದೆಯಾ, ಹತ್ತುವಾಗ ಕೈ ಹಿಡಿಯುತ್ತಾರಾ ಎಂದು ಕೇಳಿ. ಗಾಳಿ ತುಂಬಿದ ರಬ್ಬರಿನ ವೇಗದ ದೋಣಿಗಳು ಬೆನ್ನು, ಮಂಡಿ ನೋವಿನವರಿಗೂ ಗರ್ಭಿಣಿಯರಿಗೂ ಸಲ್ಲ. ಚಿಕ್ಕ ಮಕ್ಕಳ ವಯಸ್ಸಿನ ಮಿತಿ ದೋಣಿಯಿಂದ ದೋಣಿಗೆ ಬೇರೆ.

ಏನು ಹಾಕಿಕೊಳ್ಳಬೇಕು?

ಫ್ರೀಮಾಂಟ್‌ನಲ್ಲಿ 35 ಡಿಗ್ರಿ ಸೆಕೆಯಿದ್ದ ದಿನವೂ ಕೊಲ್ಲಿಯಲ್ಲಿ ಮಂಜು ಕವಿದಿರಬಹುದು. ನೀರು 10ರಿಂದ 15 ಡಿಗ್ರಿ ಸೆಲ್ಸಿಯಸ್, ಅದರ ಮೇಲಿನಿಂದ ಬೀಸಿ ಬರುವ ಗಾಳಿ ಹೇಗಿರುತ್ತದೆ ಊಹಿಸಿ. ಬನಿಯನ್ನು, ಸ್ವೆಟರು, ಮೇಲೆ ಗಾಳಿ ತಡೆಯುವ ಜಾಕೆಟ್ಟು, ಹೀಗೆ ಪದರ ಪದರ. ಊರಿನಿಂದ ತಂದು ಸೂಟ್‌ಕೇಸಿನ ತಳದಲ್ಲಿಟ್ಟ ಮಂಕಿ ಕ್ಯಾಪಿಗೆ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ, ಮಕ್ಕಳು ನಕ್ಕರೆ ನಗಲಿ. ಒದ್ದೆ ಹಲಗೆ ಜಾರುತ್ತದೆ, ಚಪ್ಪಲಿ ಬೇಡ, ರಬ್ಬರ್ ತಳದ ಶೂ ಇರಲಿ. ಸೀರೆಯೂ ಬೇಡ ಎನ್ನುತ್ತೇನೆ. ಒಂದು ಕೈ ಸದಾ ಕಂಬಿ ಹಿಡಿದಿರಬೇಕಾದ ಜಾಗದಲ್ಲಿ ಸೆರಗು, ನೆರಿಗೆ ಎರಡನ್ನೂ ಸಂಭಾಳಿಸಲಾಗದು. ಮೋಡವಿದ್ದರೂ ಸನ್‌ಸ್ಕ್ರೀನ್ ಹಚ್ಚಿ.

ಊಟ ತಿಂಡಿ?

ಖಾಲಿ ಹೊಟ್ಟೆಯೂ ಕೆಟ್ಟದ್ದು, ಬಿರಿಯುವ ಹೊಟ್ಟೆಯೂ ಕೆಟ್ಟದ್ದು. ಎರಡು ಇಡ್ಲಿ, ಒಣ ಚಪಾತಿ, ಬಾಳೆಹಣ್ಣು ಸಾಕು. ದಾರಿಯಲ್ಲಿ ಸನಿವೇಲ್‌ನಲ್ಲಿ ನಿಲ್ಲಿಸಿ ಮಸಾಲೆ ದೋಸೆ, ವಡೆ, ಫಿಲ್ಟರ್ ಕಾಫಿ ಹೊಡೆಯುವ ಯೋಜನೆಯನ್ನು ವಾಪಸ್ ಬರುವಾಗಿಗೆ ತಳ್ಳಿ. ವಾರ್ಫ್‌ನಲ್ಲಿ ಎಲ್ಲರೂ ಚಪ್ಪರಿಸುವ ಕ್ಲ್ಯಾಮ್ ಚೌಡರ್ ನೋಡಲು ಆಲೂಗಡ್ಡೆ ಸೂಪಿನಂತಿದ್ದರೂ ಅದರಲ್ಲಿರುವುದು ಚಿಪ್ಪಿನ ಜೀವಿ. ಸಸ್ಯಾಹಾರಿಗಳು ರುಚಿ ನೋಡಲು ಕೊಡುವ ಬಟ್ಟಲಿಗೆ ಕೈಹಾಕುವ ಮೊದಲು ಕೇಳಿಕೊಳ್ಳಿ.

ದೋಣಿಯಲ್ಲಿ ಎಲ್ಲಿ ನೋಡಬೇಕು ಅಂತ ಹೇಗೆ ಗೊತ್ತಾಗುತ್ತೆ?

ಹೆಚ್ಚಿನ ದೋಣಿಗಳಲ್ಲಿ ನ್ಯಾಚುರಲಿಸ್ಟ್, ಅಂದರೆ ಕಡಲ ಪ್ರಾಣಿಗಳನ್ನು ಬಲ್ಲ ಮಾರ್ಗದರ್ಶಕರೊಬ್ಬರು, ಮೈಕು ಹಿಡಿದಿರುತ್ತಾರೆ. ದೋಣಿಯ ಮೂತಿ ಹನ್ನೆರಡು ಗಂಟೆ ಎಂದು ಲೆಕ್ಕ. "ಎರಡು ಗಂಟೆ" ಅಂದರೆ ಮುಂದೆ ಬಲಕ್ಕೆ, "ಒಂಬತ್ತು" ಅಂದರೆ ಪೂರ್ತಿ ಎಡಕ್ಕೆ. ಇದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿಕೊಡಿ, ಇಲ್ಲದಿದ್ದರೆ ಗಡಿಯಾರ ನೋಡಿಕೊಳ್ಳುತ್ತಾರೆ.

ಮೊದಲು ಕಾಣುವುದು ಉಸಿರಿನ ಹಬೆ. ನೀಲಿ ತಿಮಿಂಗಿಲದ್ದು ಒಂಬತ್ತು ಮೀಟರಿನವರೆಗೆ ನೆಟ್ಟಗೆ ಏಳುವ ಕಂಬ. ಬೂದು ತಿಮಿಂಗಿಲದ್ದು ಎದುರಿನಿಂದ ನೋಡಿದರೆ ಹೃದಯದ ಆಕಾರ. ಹಂಪ್‌ಬ್ಯಾಕ್‌ನದು ಪೊದೆಯಂತೆ ಹರಡಿದ್ದು. ಗಾಳಿ ನಿಮ್ಮ ಕಡೆಗಿದ್ದರೆ ವಾಸನೆಯೂ ಬರುತ್ತದೆ, ಮೀನು ಕೊಳೆತ ವಾಸನೆ, ಯಾವ ಡಾಕ್ಯುಮೆಂಟರಿಯೂ ಇದನ್ನು ಹೇಳಿಕೊಡುವುದಿಲ್ಲ. ಬಾಲ ಎತ್ತಿತು ಅಂದರೆ ಆಳಕ್ಕೆ ಹೋಯಿತು ಅಂತ. ಐದರಿಂದ ಹತ್ತು ನಿಮಿಷ ಕಾಯಬೇಕು. ಅದು ಮುಳುಗಿದ ಜಾಗದಲ್ಲಿ ನೀರು ಎಣ್ಣೆ ಚೆಲ್ಲಿದಂತೆ ನುಣುಪಾಗಿ ನಿಂತಿರುತ್ತದೆ. ಹಕ್ಕಿಗಳು ಒಂದೇ ಕಡೆ ಎರಗುತ್ತಿದ್ದರೆ, ಸೀ ಲಯನ್‌ಗಳು ಗುಂಪಾಗಿ ಧುಮುಕುತ್ತಿದ್ದರೆ ಅಲ್ಲಿಂದ ಕಣ್ಣು ತೆಗೆಯಬೇಡಿ, ಕೆಳಗಿನಿಂದ ಹಂಪ್‌ಬ್ಯಾಕ್ ಬಾಯಿ ತೆರೆದು ಬರುತ್ತಿರಬಹುದು.

ಫೋಟೋಗೆ ಏನು ಮಾಡಬೇಕು?

ಫೋನಿನಲ್ಲಿ ತೆಗೆದ ತಿಮಿಂಗಿಲ ಬಹುತೇಕ ಕಪ್ಪು ಚುಕ್ಕೆ. ವಿಡಿಯೋ ಮಾಡುವುದೇ ಮೇಲು. ಕ್ಯಾಮೆರಾ ಇದ್ದರೆ 200ರಿಂದ 300 ಮಿ.ಮೀ. ಲೆನ್ಸ್, ಸೆಕೆಂಡಿನ ಸಾವಿರದಲ್ಲೊಂದು ಭಾಗದ ಶಟರ್ ವೇಗ. ಹಂಪ್‌ಬ್ಯಾಕ್‌ನ ಬಾಲದ ಅಡಿಭಾಗ ಸಿಕ್ಕರೆ ಬಿಡಬೇಡಿ. ಅಲ್ಲಿನ ಕಪ್ಪು ಬಿಳಿ ಗುರುತು ಪ್ರತಿಯೊಂದಕ್ಕೂ ಬೇರೆ. ಆ ಚಿತ್ರವನ್ನು ಹ್ಯಾಪಿವೇಲ್ ಜಾಲತಾಣಕ್ಕೆ ಹಾಕಿದರೆ ಅದು ಮೊದಲು ಎಲ್ಲೆಲ್ಲಿ ಕಂಡಿತ್ತು ಎಂದು ತಾಳೆ ಹಾಕಿ ಹೇಳುತ್ತಾರೆ. ನಿಮ್ಮ ತಿಮಿಂಗಿಲ ಚಳಿಗಾಲ ಕಳೆದದ್ದು ಮೆಕ್ಸಿಕೋದಲ್ಲಿ ಎಂದು ತಿಳಿದ ಮೇಲೆ ಮಕ್ಕಳಿಗೆ ಭೂಗೋಳ ಹೇಳಿಕೊಡುವುದು ಸುಲಭ. ಡ್ರೋನ್ ತರಬೇಡಿ: ಅಭಯಾರಣ್ಯದ ನಿಗದಿತ ವಲಯಗಳಲ್ಲಿ ಕೆಳಮಟ್ಟದ ಹಾರಾಟ ನಿಷಿದ್ಧ, ಪ್ರಾಣಿಗಳಿಗೆ ತೊಂದರೆಯಾದರೆ ದಂಡ ಬೇರೆ.

ಓರ್ಕಾ ಕಾಣುತ್ತಾ?

ಕಪ್ಪು ಬಿಳುಪಿನ ಈ ಬೇಟೆಗಾರ ತಿಮಿಂಗಿಲ ಯಾವ ತಿಂಗಳಲ್ಲಾದರೂ ಕಾಣಬಹುದು, ಏಪ್ರಿಲ್ ಮೇ ತಿಂಗಳಲ್ಲಿ ಅವಕಾಶ ಹೆಚ್ಚು. ಯಾಕೆಂದರೆ ಆಗಲೇ ಬೂದು ತಿಮಿಂಗಿಲದ ತಾಯಂದಿರು ಮರಿಗಳೊಂದಿಗೆ ಈ ಕೊಲ್ಲಿ ದಾಟುವುದು, ಓರ್ಕಾಗಳು ಆ ಮರಿಗಳಿಗಾಗಿ ಕಾಯುವುದು. ದಡದ ಆಳವಿಲ್ಲದ ನೀರಿನಲ್ಲಿ ಅವಿತು ಬಂದ ತಾಯಿ ಇಲ್ಲಿ ಕಮರಿಯ ಆಳದ ಮೇಲೆ ಬಯಲಿಗೆ ಬರಬೇಕಾಗುತ್ತದೆ. ಬೇಟೆ ಕಣ್ಣೆದುರೇ ಗಂಟೆಗಟ್ಟಲೆ ನಡೆಯಬಹುದು. ಇಂಥದ್ದನ್ನು ನೋಡಲಾಗದವರು ಮನೆಯಲ್ಲಿದ್ದರೆ ಆ ಎರಡು ತಿಂಗಳು ಬಿಟ್ಟುಬಿಡಿ.

ತಿಮಿಂಗಿಲ ದೋಣಿ ಮಗುಚಿಬಿಟ್ಟರೆ?

ದೊಡ್ಡ ದೋಣಿಗೆ ಆ ಭಯವಿಲ್ಲ. ಕಯಾಕ್‌ಗೆ ಇದೆ. 2015ರ ಸೆಪ್ಟೆಂಬರ್‌ನಲ್ಲಿ ಮಾಸ್ ಲ್ಯಾಂಡಿಂಗ್ ಬಳಿ ಹಂಪ್‌ಬ್ಯಾಕ್ ಒಂದು ಹಾರಿ ಇಬ್ಬರಿದ್ದ ಕಯಾಕ್ ಮೇಲೇ ಬಿತ್ತು. ಇಬ್ಬರೂ ಬದುಕಿದರು, ವಿಡಿಯೋ ಲೋಕವೆಲ್ಲ ಸುತ್ತಿತು. ಮೂವತ್ತು ಟನ್ನಿನ ಪ್ರಾಣಿ ಊಟ ಮಾಡುವ ಜಾಗಕ್ಕೆ ಪ್ಲಾಸ್ಟಿಕ್ಕಿನ ದೋಣಿಯಲ್ಲಿ ಹೋಗುವುದು ನನ್ನ ಪ್ರಕಾರ ಸಾಹಸವಲ್ಲ, ಅವಿವೇಕ.

ನಾವು ಹೋಗುವುದರಿಂದ ಅವುಗಳಿಗೆ ತೊಂದರೆ ಅಲ್ವಾ?

ಸ್ವಲ್ಪ ಆಗುತ್ತದೆ, ಆ ಸ್ವಲ್ಪವನ್ನು ಕಡಿಮೆ ಮಾಡುವುದು ದೋಣಿಯವರ ಕೈಯಲ್ಲಿದೆ. 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವನ್ನು ಕಾಡುವುದು ಅಪರಾಧ. ಕನಿಷ್ಠ 100 ಗಜ ದೂರ ನಿಲ್ಲಬೇಕು, ಎದುರಿನಿಂದ ಅಡ್ಡಗಟ್ಟಬಾರದು, ತಾಯಿ ಮರಿಯ ನಡುವೆ ನುಗ್ಗಬಾರದು ಎಂಬುದು ಇಲ್ಲಿನ ಪದ್ಧತಿ. ತಿಮಿಂಗಿಲವೇ ಕುತೂಹಲದಿಂದ ದೋಣಿಯ ಪಕ್ಕಕ್ಕೆ ಬಂದರೆ ಎಂಜಿನ್ ಗೇರು ತೆಗೆದು ಸುಮ್ಮನೆ ನಿಲ್ಲುತ್ತಾರೆ. "ತುಂಬ ಹತ್ತಿರ ಕರೆದೊಯ್ಯುತ್ತೇವೆ" ಎಂದು ಜಾಹೀರಾತು ಕೊಡುವವರ ದೋಣಿ ಹತ್ತಬೇಡಿ.

ನಿಜವಾದ ಹೊಡೆತ ಬೇರೆ ಕಡೆಯಿಂದ ಬೀಳುತ್ತಿದೆ. ಸರಕು ಹಡಗುಗಳ ಡಿಕ್ಕಿ, ಏಡಿ ಹಿಡಿಯುವ ಬುಟ್ಟಿಗಳ ಹಗ್ಗಕ್ಕೆ ಸಿಲುಕುವುದು, ಉತ್ತರದ ಸಮುದ್ರದಲ್ಲಿ ಆಹಾರದ ಅಭಾವ. ಬೂದು ತಿಮಿಂಗಿಲ ಒಂದು ಕಾಲಕ್ಕೆ ನಿರ್ನಾಮದ ಅಂಚಿಗೆ ಹೋಗಿ ಚೇತರಿಸಿಕೊಂಡು, 1994ರಲ್ಲಿ ಅಮೆರಿಕದ ಅಪಾಯದಂಚಿನ ಪಟ್ಟಿಯಿಂದ ಹೊರಬಂದ ಪ್ರಾಣಿ. 2016ರಲ್ಲಿ ಸುಮಾರು 27,000 ಇದ್ದವು, 2023ರ ಹೊತ್ತಿಗೆ ಸುಮಾರು 14,500ಕ್ಕೆ ಇಳಿದವು. ಇದೇ ಮಾಂಟೆರೇಯಲ್ಲಿ 1850ರ ದಶಕದಿಂದ ಪೋರ್ಚುಗೀಸ್ ಬೇಟೆಗಾರರು ದಡದಿಂದಲೇ ದೋಣಿ ಇಳಿಸಿ ತಿಮಿಂಗಿಲ ಕೊಲ್ಲುತ್ತಿದ್ದರು. ಅವರ ಹಳೆಯ ಠಾಣೆಯ ಕಟ್ಟಡ ಈಗಲೂ ಇದೆ, ಅದರ ಮುಂದಿನ ಕಾಲುದಾರಿಗೆ ಹಾಸಿರುವುದು ತಿಮಿಂಗಿಲದ ಮೂಳೆ. ವಾರ್ಫ್‌ನಿಂದ ನಡೆದು ಹೋಗುವಷ್ಟೇ ದೂರ, ನೋಡಿ ಬನ್ನಿ.

ದೋಣಿ ಹತ್ತದೆ ನೋಡಲು ಆಗಲ್ವಾ?

ಬೂದು ತಿಮಿಂಗಿಲವಾದರೆ ಆಗುತ್ತದೆ. ಜನವರಿ ಅಥವಾ ಮಾರ್ಚ್‌ನಲ್ಲಿ ಪಾಯಿಂಟ್ ಲೋಬೋಸ್, ಡ್ಯಾವೆನ್‌ಪೋರ್ಟ್ ಬಂಡೆಗಳು, ಪಿಜನ್ ಪಾಯಿಂಟ್ ದೀಪಸ್ತಂಭ, ಪಾಯಿಂಟ್ ರೇಯಸ್, ಇವುಗಳಲ್ಲಿ ಎಲ್ಲಾದರೂ ಗಾಳಿಯಿಲ್ಲದ ಬೆಳಗ್ಗೆ ಬೈನಾಕ್ಯುಲರ್ ಹಿಡಿದು ಕೂತರೆ ಹಬೆ ಕಾಣುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ, ವಾಂತಿಯ ಚಿಂತೆಯಿಲ್ಲ.

ತಿಮಿಂಗಿಲದ ವಾಂತಿಗೆ ಕೋಟಿಗಟ್ಟಲೆ ಬೆಲೆಯಂತೆ, ಸಿಗುತ್ತಾ?

ಬೆಂಗಳೂರಿನಲ್ಲಿ ಅಂಬರ್‌ಗ್ರಿಸ್ ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಓದಿ ಬಂದ ಅಪ್ಪಂದಿರು ತಪ್ಪದೆ ಕೇಳುವ ಪ್ರಶ್ನೆ. ಅದು ಬರುವುದು ಸ್ಪರ್ಮ್ ತಿಮಿಂಗಿಲದ ಕರುಳಿನಿಂದ. ಸ್ಕ್ವಿಡ್‌ಗಳ ಗಟ್ಟಿ ಕೊಕ್ಕು ಜೀರ್ಣವಾಗದೆ ಉಳಿದಾಗ ಅದರ ಸುತ್ತ ಕಟ್ಟುವ ಮೇಣದಂಥ ವಸ್ತು. ಇಲ್ಲಿ ಸಾಮಾನ್ಯವಾಗಿ ಕಾಣುವ ಬೂದು, ನೀಲಿ, ಹಂಪ್‌ಬ್ಯಾಕ್‌ಗಳಲ್ಲಿ ಅದು ಇರುವುದೇ ಇಲ್ಲ. ಅಕಸ್ಮಾತ್ ದಡದಲ್ಲಿ ಸಿಕ್ಕರೂ ಅಮೆರಿಕದಲ್ಲಿ ಎತ್ತಿಕೊಳ್ಳುವಂತಿಲ್ಲ, ಭಾರತದಲ್ಲೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ.

ಇಷ್ಟು ದೂರ ಬರಲಾಗದವರು, ಊರಿನ ಹತ್ತಿರ ಎಲ್ಲಿ ನೋಡಬಹುದು?

ಕರ್ನಾಟಕದ ಕರಾವಳಿಯಾಚೆ ತಿಮಿಂಗಿಲಗಳಿವೆ. ಸತ್ತವು ಆಗಾಗ ದಡಕ್ಕೆ ಬಂದು ಬೀಳುತ್ತವೆ. ಆದರೆ ಇಲ್ಲಿನಂತೆ ಹೋಗಿ ನೋಡಿ ಬರುವ ವ್ಯವಸ್ಥೆಯಿಲ್ಲ. ಕಾರವಾರದಲ್ಲಿ ಕೂರ್ಮಗಡದ ಸುತ್ತ ಡಾಲ್ಫಿನ್ ತೋರಿಸುವ ದೋಣಿಗಳು ಸಿಗುತ್ತವೆ, ಮಳೆಗಾಲ ಕಳೆದ ಮೇಲೆ ಹೋಗಬೇಕು. ತಿಮಿಂಗಿಲವೇ ಬೇಕೆಂದರೆ ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಹಿಡಿದು ಶ್ರೀಲಂಕಾದ ದಕ್ಷಿಣದ ಮಿರಿಸ್ಸಾಕ್ಕೆ ಹೋಗಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ನೀಲಿ ತಿಮಿಂಗಿಲಗಳು ದಡಕ್ಕೆ ಬಹಳ ಹತ್ತಿರ ಬರುತ್ತವೆ. ಸ್ವೆಟರು ಬೇಡ, ಖರ್ಚೂ ಕಡಿಮೆ. ಅಲ್ಲಿ ಒಂದೇ ತಿಮಿಂಗಿಲದ ಹಿಂದೆ ಹಲವು ದೋಣಿಗಳು ಬೀಳುವುದುಂಟು, ಆದ್ದರಿಂದ ಕಡಿಮೆ ದರದ ದೋಣಿಗಿಂತ ದೂರ ಕಾಯ್ದುಕೊಳ್ಳುವ ದೋಣಿಯನ್ನು ವಿಚಾರಿಸಿ ಹತ್ತಿ. ಆವೊಮಿನ್ ಅಲ್ಲಿಗೂ ಬೇಕು.